‘ಯಾರಿಗೂ ಹೇಳಲ್ಲ ಅಂತ ಮಾತು ಕೊಡಿ’: ಸಹಾಯವಾಣಿಯ ಆ ಕಡೆ ಏನು ನಡೆಯುತ್ತದೆ?

ಆತ್ಮಹತ್ಯೆಯ ಸುದ್ದಿ ಬಂದಾಗಲೆಲ್ಲ ಅದರ ಕೊನೆಗೆ ಒಂದು ಪುಟ್ಟ ಚೌಕ ಇರುತ್ತದೆ. ‘ನಿಮಗೂ ಇಂಥ ಯೋಚನೆ ಬರುತ್ತಿದ್ದರೆ ಈ ಸಂಖ್ಯೆಗೆ ಕರೆ ಮಾಡಿ.’ ಸುದ್ದಿ ಓದುವವರಲ್ಲಿ ಬಹಳ ಜನ ಆ ಚೌಕದ ಹತ್ತಿರ ನಿಲ್ಲುವುದೇ ಇಲ್ಲ. ಗೊತ್ತಿರುವ ಮನೆಯಲ್ಲಿ, ಗೊತ್ತಿರುವ ಮಗುವಿಗೆ ಏನೋ ಆಯಿತು ಎಂದು ಕೇಳಿದ ದಿನ ಮಾತ್ರ ಕಣ್ಣು ಅಲ್ಲಿಗೆ ಹೋಗುತ್ತದೆ. ಆಗ ಪ್ರಶ್ನೆಗಳು ಏಳುತ್ತವೆ. ಆ ನಂಬರಿಗೆ ಕರೆ ಮಾಡಿದರೆ ಯಾರು ಎತ್ತುತ್ತಾರೆ? ಡಾಕ್ಟರಾ, ಪೊಲೀಸರಾ? ಹೆಸರು ಕೇಳುತ್ತಾರಾ? ಬರೀ ಮಾತಾಡಿದರೆ ಜೀವ ಉಳಿಯುತ್ತದಾ? ಮಗು ಕರೆ ಮಾಡಿದರೆ ಅಪ್ಪ ಅಮ್ಮನಿಗೆ ಹೇಳಿಬಿಡುತ್ತಾರಾ?

ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಕಷ್ಟದ್ದು. ಅದಕ್ಕೆ ಉತ್ತರ ಬೇಕೆಂದರೆ ಸ್ವಲ್ಪ ಹಿಂದಿನಿಂದ ಬರಬೇಕು.

ಶುರುವಾಗಿದ್ದು ಒಬ್ಬ ಹುಡುಗಿಯಿಂದ

1935ರಲ್ಲಿ ಇಂಗ್ಲೆಂಡಿನ ಚಾಡ್ ವಾರಾ ಆಗಷ್ಟೇ ಪಾದ್ರಿಯಾಗಿದ್ದರು. ಅವರು ನಡೆಸಿಕೊಟ್ಟ ಮೊದಲ ಅಂತ್ಯಸಂಸ್ಕಾರ 14 ವರ್ಷದ ಹುಡುಗಿಯದು. ಅವಳು ತಾನೇ ಪ್ರಾಣ ಕಳೆದುಕೊಂಡಿದ್ದಳು. ವಾರಾ ಹೇಳಿಕೊಂಡಿರುವಂತೆ, ಅವಳಿಗೆ ಮುಟ್ಟು ಶುರುವಾಗಿತ್ತು. ಹಾಗೆಂದರೇನು ಎಂದು ಅವಳಿಗೆ ಯಾರೂ ತಿಳಿಸಿರಲಿಲ್ಲ. ಯಾವುದೋ ಲೈಂಗಿಕ ರೋಗ ಅಂಟಿಕೊಂಡಿದೆ ಎಂದುಕೊಂಡಳು. ಕೇಳೋಣವೆಂದರೆ ಕೇಳುವಂಥವರು ಒಬ್ಬರೂ ಇರಲಿಲ್ಲ.

ಆ ಸಾವು ವಾರಾ ಅವರನ್ನು ಬಿಡಲಿಲ್ಲ. ಹದಿನೆಂಟು ವರ್ಷ ಆದ ಮೇಲೆ, 1953ರ ನವೆಂಬರ್ 2ರಂದು, ಲಂಡನ್ನಿನ ಸೇಂಟ್ ಸ್ಟೀಫನ್ ವಾಲ್‌ಬ್ರೂಕ್ ಚರ್ಚಿನಲ್ಲಿ ಅವರು ಒಂದು ಫೋನ್ ಇಟ್ಟುಕೊಂಡು ಕೂತರು. ಸಾಯಬೇಕು ಅನ್ನಿಸಿದವರು ಕರೆ ಮಾಡಲಿ ಎಂದು. ಆಗ ಅಲ್ಲಿನ ಕಾನೂನಿನಲ್ಲಿ ಆತ್ಮಹತ್ಯೆಗೆ ಯತ್ನಿಸುವುದು ಅಪರಾಧ. 1961ರವರೆಗೂ ಹಾಗೇ ಇತ್ತು. ಅಂದರೆ ಕರೆ ಮಾಡುವವನು ತನ್ನ ನೋವಿನ ಜೊತೆ ಪೊಲೀಸರ ಭಯವನ್ನೂ ಹೊತ್ತು ಮಾತಾಡಬೇಕಿತ್ತು. ಇಂಥ ಸೇವೆಗೆ ಗುಟ್ಟು ಯಾಕೆ ಅಷ್ಟು ಮುಖ್ಯವಾಯಿತು ಎನ್ನುವುದಕ್ಕೆ ಇದೂ ಒಂದು ಕಾರಣ.

ಮುಂದೆ ನಡೆದದ್ದು ವಾರಾ ಅವರೂ ಅಂದುಕೊಂಡಿರದ ಸಂಗತಿ. ಜನ ನೇರವಾಗಿ ಚರ್ಚಿಗೂ ಬರತೊಡಗಿದರು. ಅವರ ಸರದಿ ಬರುವವರೆಗೆ ಕೆಲವು ಸ್ವಯಂಸೇವಕರು ಚಹಾ ಕೊಟ್ಟು ಜೊತೆಗೆ ಕೂರುತ್ತಿದ್ದರು. ಅವರಲ್ಲಿ ಯಾರೂ ತಜ್ಞರಲ್ಲ. ಆದರೆ ಬಂದವರಲ್ಲಿ ಎಷ್ಟೋ ಜನ ಆ ಸ್ವಯಂಸೇವಕರ ಹತ್ತಿರವೇ ಮನಸ್ಸು ಬಿಚ್ಚಿಕೊಂಡು, ಪಾದ್ರಿಯನ್ನು ನೋಡದೆಯೇ ಹೊರಟುಬಿಡುತ್ತಿದ್ದರು. 1954ರ ಫೆಬ್ರವರಿಯಲ್ಲಿ ವಾರಾ ಫೋನಿನ ಕೆಲಸವನ್ನು ಸ್ವಯಂಸೇವಕರಿಗೇ ಒಪ್ಪಿಸಿದರು. ಸಮಾರಿಟನ್ಸ್ ಸಂಸ್ಥೆ ಬೆಳೆದದ್ದು ಹೀಗೆ.

ಇದೇ ದಾರಿಯ ಸಂಸ್ಥೆಗಳು ಬೇರೆ ಬೇರೆ ದೇಶಗಳಲ್ಲೂ ಹುಟ್ಟಿದವು. ಮನೋವೈದ್ಯೆ ಲಕ್ಷ್ಮಿ ವಿಜಯಕುಮಾರ್ 1986ರಲ್ಲಿ ಚೆನ್ನೈಯಲ್ಲಿ ‘ಸ್ನೇಹಾ’ ಶುರು ಮಾಡಿದರು. ಅದೇ ವರ್ಷ ಬ್ರಿಟನ್ನಿನಲ್ಲಿ ಮಕ್ಕಳಿಗೆಂದೇ ಚೈಲ್ಡ್‌ಲೈನ್ ಬಂತು. 1996ರಲ್ಲಿ ಮುಂಬೈಯಲ್ಲಿ ಜೆರೂ ಬಿಲಿಮೋರಿಯಾ ಅವರ ಪ್ರಯತ್ನದಿಂದ ಮಕ್ಕಳ ಸಹಾಯವಾಣಿ 1098 ಶುರುವಾಯಿತು. ಹತ್ತು, ಒಂಬತ್ತು, ಎಂಟು. ಓದು ಬರಹ ಗೊತ್ತಿಲ್ಲದ ಮಗುವಿಗೂ ನೆನಪಿರಲಿ ಎಂದು ಹಿಂದಕ್ಕೆ ಎಣಿಸುವ ಸಂಖ್ಯೆ.

ಬಿಕ್ಕಟ್ಟು ಅಂದರೆ ಏನು?

ಇಲ್ಲಿ ಬಿಕ್ಕಟ್ಟು ಅಂದರೆ ಕಷ್ಟ ಎಂದಷ್ಟೇ ಅರ್ಥ ಅಲ್ಲ. ಕಷ್ಟ ಎಲ್ಲರಿಗೂ ಇರುತ್ತದೆ. ಕಷ್ಟ ತಡೆದುಕೊಳ್ಳಲು ಇಷ್ಟು ದಿನ ಕೈಹಿಡಿದ ದಾರಿಗಳೆಲ್ಲ ಒಟ್ಟಿಗೇ ಕೈಕೊಟ್ಟ ಗಳಿಗೆಯನ್ನು ಬಿಕ್ಕಟ್ಟು ಅನ್ನುತ್ತಾರೆ.

ಕತ್ತಲೆ ಕೋಣೆಯಲ್ಲಿ ಸಣ್ಣ ಟಾರ್ಚ್ ಹಿಡಿದು ನಿಂತಿದ್ದೀರಿ ಎಂದುಕೊಳ್ಳಿ. ಕೋಣೆಗೆ ಐದು ಬಾಗಿಲುಗಳಿವೆ. ಟಾರ್ಚಿನ ಬೆಳಕು ಮಾತ್ರ ಒಂದೇ ಬಾಗಿಲ ಮೇಲೆ ಬಿದ್ದಿದೆ. ಉಳಿದ ನಾಲ್ಕು ಎಲ್ಲೂ ಹೋಗಿಲ್ಲ, ಕಾಣುತ್ತಿಲ್ಲ ಅಷ್ಟೇ. ತೀವ್ರ ನೋವಿನಲ್ಲಿ ಮನಸ್ಸು ಹೀಗೇ ಕಿರಿದಾಗುತ್ತದೆ. ‘ಸ್ವಲ್ಪ ಯೋಚನೆ ಮಾಡು, ಎಷ್ಟೊಂದು ದಾರಿ ಇದೆ’ ಎಂದು ಹೊರಗಿನವರು ಹೇಳುವುದು ಆಗ ತಲೆಗೆ ಹೋಗುವುದಿಲ್ಲ. ಆ ವ್ಯಕ್ತಿಗೆ ಇರುವುದು ಒಂದೇ ಬಾಗಿಲು.

ಇದಕ್ಕೆ ಒಂದೇ ಕಾರಣ ಇರುವುದು ತೀರಾ ಅಪರೂಪ. ಪರೀಕ್ಷೆ ಫೇಲಾದದ್ದಕ್ಕೆ, ಪ್ರೀತಿ ಮುರಿದದ್ದಕ್ಕೆ ಎಂದು ಸುದ್ದಿಯಲ್ಲಿ ಒಂದೇ ಸಾಲಿನಲ್ಲಿ ಬರುತ್ತದೆ. ಅದರ ಹಿಂದೆ ಖಿನ್ನತೆ, ಒಂಟಿತನ, ಹಿಂಸೆ, ಸಾಲ, ಕಾಯಿಲೆ, ಅವಮಾನ ಹೀಗೆ ಹಲವು ಎಳೆಗಳು ಸೇರಿ ಗಂಟಾಗಿರುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದ ಪ್ರಕಾರ 2021ರಲ್ಲಿ ಜಗತ್ತಿನಲ್ಲಿ ಸುಮಾರು 7,27,000 ಜನ ಆತ್ಮಹತ್ಯೆಯಿಂದ ತೀರಿಕೊಂಡರು. 15ರಿಂದ 29ರ ವಯಸ್ಸಿನವರಲ್ಲಿ ಸಾವಿನ ಕಾರಣಗಳ ಪಟ್ಟಿಯಲ್ಲಿ ಇದಕ್ಕೆ ಮೂರನೇ ಸ್ಥಾನ.

ಸಮಾಧಾನದ ವಿಷಯವೂ ಒಂದಿದೆ. ಬಿಕ್ಕಟ್ಟು ಅಲೆಯ ಹಾಗೆ. ಏರುತ್ತದೆ, ತುದಿಗೆ ಹೋಗುತ್ತದೆ, ಇಳಿಯುತ್ತದೆ. ಅಮೆರಿಕದ ಸಂಶೋಧಕ ರಿಚರ್ಡ್ ಸೈಡನ್ 1978ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಆತ್ಮಹತ್ಯೆಯ ಅಂಚಿಗೆ ಹೋಗಿ ಕೊನೆ ಗಳಿಗೆಯಲ್ಲಿ ತಡೆಯಲ್ಪಟ್ಟ 515 ಜನರು ಮುಂದೆ ಏನಾದರು ಎಂದು ಅವರು ಹುಡುಕಿದರು. ಎಷ್ಟೋ ವರ್ಷಗಳು ಕಳೆದಿದ್ದರೂ ಸುಮಾರು 94 ಶೇಕಡಾ ಜನ ಒಂದೋ ಬದುಕಿದ್ದರು, ಇಲ್ಲವೇ ಸಹಜವಾಗಿ ತೀರಿಕೊಂಡಿದ್ದರು. ‘ಸಾಯಬೇಕು ಅಂದುಕೊಂಡವರನ್ನು ಯಾರು ತಡೆಯೋಕಾಗುತ್ತೆ, ಇವತ್ತಲ್ಲ ನಾಳೆ ಮಾಡಿಕೊಳ್ಳುತ್ತಾರೆ’ ಎಂಬ ಮಾತನ್ನು ನಾವು ಬಹಳ ಸಲ ಕೇಳಿದ್ದೇವೆ ಅಲ್ವಾ? ಅದು ತಪ್ಪು. ಅಲೆ ಇಳಿಯುವವರೆಗೆ ಜೊತೆಗೆ ಇರುವುದೇ ಸಹಾಯವಾಣಿಯ ಅರ್ಧ ಕೆಲಸ.

ನೇರವಾಗಿ ಕೇಳಿಬಿಡುವುದು

ಉಳಿದರ್ಧದಲ್ಲಿ ಮೊದಲು ಬರುವುದು ಒಂದು ಪ್ರಶ್ನೆ. ಕೆಳಗಿನ ಮಾತುಕತೆ ನಿಜವಾಗಿ ಯಾರೂ ಆಡಿದ್ದಲ್ಲ, ಕೆಲಸದ ರೀತಿ ತೋರಿಸಲು ನಾನು ಹೆಣೆದದ್ದು.

‘ಎಲ್ಲಾ ಸಾಕಾಗಿದೆ ಮೇಡಂ. ನಾನು ಇಲ್ಲದಿದ್ರೆ ಮನೆಯವರಿಗಾದರೂ ನೆಮ್ಮದಿ.’

‘ತುಂಬಾ ಸೋತು ಹೋಗಿದ್ದೀರಿ ಅನ್ನಿಸ್ತಿದೆ. ನಾನು ಇಲ್ಲದಿದ್ರೆ ಅಂದ್ರಲ್ಲ... ಆತ್ಮಹತ್ಯೆ ಮಾಡಿಕೊಳ್ಳೋ ಯೋಚನೆ ಬಂದಿದೆಯಾ?’

ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ, ‘ಹೂಂ. ಬಂದಿದೆ.’

‘ಹೇಳಿದ್ದು ಒಳ್ಳೇದಾಯ್ತು. ಯಾವಾಗಿಂದ ಹೀಗನ್ನಿಸ್ತಿದೆ?’

ಆ ಪದವನ್ನು ಬಾಯಿಬಿಟ್ಟು ಹೇಳಿದ್ದನ್ನು ಗಮನಿಸಿ. ಹೊಸಬರಿಗೆ ತರಬೇತಿಯಲ್ಲಿ ಇದೇ ಕಷ್ಟ. ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ಹಾಕಿದಂತೆ ಆಗುತ್ತದೇನೋ ಎಂಬ ಹೆದರಿಕೆ. ಇದನ್ನು ಸಂಶೋಧಕರು ಪರೀಕ್ಷಿಸಿ ನೋಡಿದ್ದಾರೆ. 2014ರಲ್ಲಿ 13 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಕೇಳಿದ್ದರಿಂದ ಅಂಥ ಯೋಚನೆ ಹೆಚ್ಚಾದದ್ದು ಕಾಣಲಿಲ್ಲ. ಮಕ್ಕಳ ವಿಷಯದಲ್ಲೂ ಹಾಗೇ. ನ್ಯೂಯಾರ್ಕಿನ ಆರು ಹೈಸ್ಕೂಲುಗಳ 2,300ಕ್ಕೂ ಹೆಚ್ಚು ವಿದ್ಯಾರ್ಥಿಗಳ ಮೇಲೆ ನಡೆದ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಆತ್ಮಹತ್ಯೆಯ ಬಗ್ಗೆ ಪ್ರಶ್ನೆ ಎದುರಿಸಿದವರು, ಎದುರಿಸದವರು ಇಬ್ಬರಲ್ಲೂ ದುಗುಡದ ಮಟ್ಟದಲ್ಲಿ ವ್ಯತ್ಯಾಸ ಇರಲಿಲ್ಲ. ಆಗಲೇ ಖಿನ್ನತೆಯಲ್ಲಿದ್ದ ಮಕ್ಕಳಿಗಂತೂ, ಕೇಳಿದ ಮೇಲೆ ದುಗುಡ ಹೆಚ್ಚುವ ಬದಲು ಕಡಿಮೆಯೇ ಇತ್ತು.

ಯಾಕೆ ಹೀಗೆ? ಆ ಯೋಚನೆ ಇರುವವರು ಅದನ್ನು ಒಬ್ಬರೇ ಬಚ್ಚಿಟ್ಟುಕೊಂಡು ಓಡಾಡುತ್ತಿರುತ್ತಾರೆ. ಎದುರಿನವರು ಹೆದರದೆ ಅದೇ ಪದ ಬಳಸಿದಾಗ, ಇಲ್ಲಿ ಹೇಳಿಕೊಳ್ಳಬಹುದು ಎಂದು ಗೊತ್ತಾಗುತ್ತದೆ. ‘ಏನೂ ಹಾಗೆಲ್ಲ ಯೋಚನೆ ಮಾಡ್ತಿಲ್ಲ ತಾನೇ?’ ಎಂದು ಕೇಳಿದರೆ ‘ಇಲ್ಲ’ ಎಂಬ ಉತ್ತರವನ್ನು ನಾವೇ ಕೈಗೆ ಕೊಟ್ಟಂತೆ. ಮನೆಯಲ್ಲಿ ನಾವು ಕೇಳುವುದು ಬಹುತೇಕ ಹೀಗೆಯೇ.

‘ಹೂಂ’ ಬಂದ ಮೇಲೆ ಕೇಳುಗರು, ಅಂದರೆ ಸಹಾಯವಾಣಿಯಲ್ಲಿ ಫೋನ್ ಎತ್ತಿದವರು, ಅಪಾಯದ ಮಟ್ಟ ಅಳೆಯುತ್ತಾರೆ. ನಿದ್ದೆಯಲ್ಲೇ ಹೋಗಿಬಿಟ್ಟರೆ ಚೆನ್ನಾಗಿತ್ತು ಎನ್ನುವುದು ಒಂದು ಹಂತ. ಹೇಗೆ, ಯಾವಾಗ ಎಂದು ನಿರ್ಧರಿಸಿರುವುದು ಇನ್ನೊಂದು. ಈಗ, ಈ ಗಳಿಗೆಯಲ್ಲೇ ಅಪಾಯದಲ್ಲಿರುವುದು ಕೊನೆಯದು. ಪ್ರತಿ ಹಂತಕ್ಕೂ ಮುಂದಿನ ಹೆಜ್ಜೆ ಬೇರೆ. ಮೊದಲ ಹಂತದವರಿಗೆ ಆಂಬುಲೆನ್ಸ್ ಕಳಿಸುವುದು ಎಷ್ಟು ತಪ್ಪೋ, ಕೊನೆಯ ಹಂತದವರಿಗೆ ಬರೀ ಸಾಂತ್ವನ ಹೇಳಿ ಫೋನ್ ಇಡುವುದೂ ಅಷ್ಟೇ ತಪ್ಪು.

ಒಂದು ಹಾಳೆಯಲ್ಲಿ ಬರೆದುಕೊಳ್ಳುವುದು

ಅಲೆ ಇಳಿಯಿತು ಅನ್ನೋಣ. ಅದು ಮತ್ತೆ ಬರಬಹುದು. ಅದಕ್ಕೆ ಮಾಡಿಕೊಳ್ಳುವ ಸಿದ್ಧತೆಗೆ ಸುರಕ್ಷತಾ ಯೋಜನೆ ಎಂದು ಹೆಸರು. ಅಮೆರಿಕದ ಬಾರ್ಬರಾ ಸ್ಟ್ಯಾನ್ಲಿ ಮತ್ತು ಗ್ರೆಗರಿ ಬ್ರೌನ್ ರೂಪಿಸಿದ ಈ ಕ್ರಮವನ್ನು ಈಗ ತುಂಬಾ ಕಡೆ ಬಳಸುತ್ತಾರೆ. ಒಂದೇ ಹಾಳೆ ಸಾಕು. ಬಿಕ್ಕಟ್ಟು ಬರುವ ಮುನ್ನ ನನ್ನಲ್ಲಿ ಕಾಣುವ ಸೂಚನೆಗಳೇನು, ಆಗ ಒಬ್ಬನೇ ಇದ್ದರೂ ಮಾಡಬಹುದಾದ್ದೇನು, ಮನಸ್ಸು ಬೇರೆ ಕಡೆ ತಿರುಗಲು ಯಾರ ಹತ್ತಿರ ಅಥವಾ ಎಲ್ಲಿಗೆ ಹೋಗಬಹುದು, ಬಾಯಿಬಿಟ್ಟು ಸಹಾಯ ಕೇಳಲು ಯಾರಿದ್ದಾರೆ, ಯಾವ ಡಾಕ್ಟರು ಅಥವಾ ಸಹಾಯವಾಣಿ, ಅಪಾಯ ಮಾಡಿಕೊಳ್ಳಬಹುದಾದ ವಸ್ತುಗಳು ಕೈಗೆ ಸಿಗದಂತೆ ಮಾಡಲು ಯಾರು ನೆರವಾಗುತ್ತಾರೆ. ಇಷ್ಟೇ.

ಸಾಲುಗಳು ಆ ವ್ಯಕ್ತಿಯ ಮಾತಿನಲ್ಲೇ ಇರಬೇಕು ಎನ್ನುವುದು ಇದರ ಮುಖ್ಯ ಗುಟ್ಟು. ‘ಖಿನ್ನತೆಯ ಲಕ್ಷಣ ಕಂಡಾಗ’ ಎಂದು ಬರೆದರೆ ಕೆಲಸಕ್ಕೆ ಬರುವುದಿಲ್ಲ. ‘ಎರಡು ರಾತ್ರಿ ನಿದ್ದೆ ಬರದೆ, ಯಾರ ಫೋನೂ ಎತ್ತಬಾರದು ಅನ್ನಿಸಿದಾಗ’ ಎಂದು ಬರೆದರೆ ಬರುತ್ತದೆ. ತುರ್ತು ಚಿಕಿತ್ಸಾ ವಿಭಾಗಕ್ಕೆ ಬಂದವರ ಮೇಲೆ ಅಮೆರಿಕದಲ್ಲಿ ನಡೆದ ಒಂದು ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಕೆಲವರಿಗೆ ಇಂಥ ಯೋಜನೆ ಬರೆಸಿ, ಮನೆಗೆ ಹೋದ ಮೇಲೂ ಫೋನ್ ಮಾಡಿ ವಿಚಾರಿಸಿದರು. ಎಂದಿನ ಚಿಕಿತ್ಸೆ ಮಾತ್ರ ಪಡೆದವರಿಗೆ ಹೋಲಿಸಿದರೆ ಅವರಲ್ಲಿ ಮುಂದಿನ ಆರು ತಿಂಗಳು ಆತ್ಮಹತ್ಯೆಗೆ ಸಂಬಂಧಿಸಿದ ವರ್ತನೆ ಸುಮಾರು 45 ಶೇಕಡಾ ಕಡಿಮೆ ಇತ್ತು. ಒಂದು ಹಾಳೆ, ಒಂದೆರಡು ಫೋನ್ ಕರೆ. ಇಷ್ಟು ಅಗ್ಗದ ಚಿಕಿತ್ಸೆ ಬೇರೆ ಯಾವುದಿದೆಯೋ ನಾನು ಕಾಣೆ.

ದೊಡ್ಡವರ ಗುಟ್ಟು, ಮಕ್ಕಳ ಗುಟ್ಟು

ಈಗ ಆ ಕಷ್ಟದ ಪ್ರಶ್ನೆಗೆ ಬರೋಣ.

ದೊಡ್ಡವರು ಕರೆ ಮಾಡಿದಾಗ ನಿಯಮ ಸುಮಾರಾಗಿ ಸರಳ. ಹೆಸರು ಹೇಳಬೇಕಿಲ್ಲ. ಹೇಳಿದ್ದು ಸಂಸ್ಥೆಯೊಳಗೇ ಉಳಿಯುತ್ತದೆ. ಜೀವಕ್ಕೆ ತಕ್ಷಣದ ಅಪಾಯ, ಇನ್ನೊಬ್ಬರಿಗೆ ಹಾನಿ, ಕಾನೂನಿನ ಕಟ್ಟು ಇಂಥ ಕೆಲವು ಸಂದರ್ಭ ಬಿಟ್ಟರೆ ಹೊರಗೆ ಹೋಗುವುದಿಲ್ಲ. ತನ್ನ ಬದುಕಿನ ತೀರ್ಮಾನ ತಾನೇ ತೆಗೆದುಕೊಳ್ಳುವ ವಯಸ್ಸಿನವರು ಅವರು ಎನ್ನುವುದು ಇದರ ಹಿಂದಿನ ನಂಬಿಕೆ.

ಮಕ್ಕಳ ಕರೆಯೇ ಬೇರೆ. ಎಷ್ಟೋ ಸಲ ಅದು ಕರೆಯೇ ಆಗಿರುವುದಿಲ್ಲ. ಫೋನ್ ಎತ್ತಿದರೆ ಮಾತಿಲ್ಲ. ಉಸಿರು ಕೇಳಿಸುತ್ತದೆ, ದೂರದಲ್ಲಿ ಟೀವಿ ಕೇಳಿಸುತ್ತದೆ, ಆಮೇಲೆ ಕಟ್. ಹತ್ತು ನಿಮಿಷಕ್ಕೆ ಮತ್ತೆ ಅದೇ. ಮಕ್ಕಳ ಸಹಾಯವಾಣಿಗಳಿಗೆ ಇಂಥ ಮೌನದ ಕರೆಗಳು ಬೇಕಾದಷ್ಟು ಬರುತ್ತವೆ. ಕೆಲವರು ತಮಾಷೆಗೆ ಮಾಡುತ್ತಾರೆ. ಕೆಲವರು ಈ ದನಿಯನ್ನು ನಂಬಬಹುದಾ ಎಂದು ಪರೀಕ್ಷೆ ಮಾಡುತ್ತಿರುತ್ತಾರೆ. ಯಾರು ಯಾವುದು ಎಂದು ಮೊದಲೇ ಗೊತ್ತಾಗುವುದಿಲ್ಲ, ಹಾಗಾಗಿ ಬೈಯುವಂತಿಲ್ಲ. ‘ನಾನು ಇಲ್ಲೇ ಇದ್ದೀನಿ. ಈಗ ಮಾತಾಡೋಕೆ ಆಗದಿದ್ರೆ ಪರವಾಗಿಲ್ಲ. ಆಮೇಲೆ ಬೇಕಾದ್ರೂ ಮಾಡು.’ ಅಷ್ಟು ಹೇಳಿ ಕಾಯುತ್ತಾರೆ.

ಚಾಟ್‌ನಲ್ಲಿ ಈ ಮೌನ ಬೇರೆ ರೀತಿ ಕಾಣುತ್ತದೆ. ‘ಟೈಪ್ ಮಾಡುತ್ತಿದ್ದಾರೆ’ ಎಂದು ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ಆಮೇಲೆ ಈ ಸಾಲು:

‘ಅಕ್ಕಾ ಒಂದು ವಿಷಯ ಹೇಳ್ಬೇಕು. ಆದ್ರೆ ಯಾರಿಗೂ ಹೇಳಲ್ಲ ಅಂತ ಪ್ರಾಮಿಸ್ ಮಾಡಿ.’

ನಾವಾಗಿದ್ದರೆ ತಕ್ಷಣ ‘ಪ್ರಾಮಿಸ್’ ಅಂದುಬಿಡುತ್ತಿದ್ದೆವು. ಮಗು ಮಾತಾಡಲಿ ಎಂಬ ಆಸೆಗೆ. ತರಬೇತಿ ಪಡೆದ ಕೇಳುಗರು ಹಾಗೆ ಅನ್ನುವುದಿಲ್ಲ.

‘ನೀನು ಹೇಳೋದನ್ನ ಸುಮ್ಸುಮ್ನೆ ಯಾರಿಗೂ ಹೇಳಲ್ಲ. ಆದ್ರೆ ನಿನ್ನ ಜೀವಕ್ಕೆ ಅಪಾಯ ಇದೆ, ಇಲ್ಲಾ ಯಾರೋ ನಿನಗೆ ತೊಂದರೆ ಕೊಡ್ತಿದ್ದಾರೆ ಅಂತ ಗೊತ್ತಾದ್ರೆ, ಅದನ್ನ ನನ್ನೊಬ್ಬಳ ಹತ್ತಿರ ಇಟ್ಕೊಳ್ಳೋಕೆ ಆಗಲ್ಲ. ಹಾಗೇನಾದ್ರೂ ಆದ್ರೆ, ಯಾರಿಗೆ ಹೇಳೋದು ಅಂತ ಮೊದಲು ನಿನ್ನ ಹತ್ರಾನೇ ಮಾತಾಡ್ತೀನಿ.’

ಇದನ್ನು ಓದಿ ಮಗು ಚಾಟ್ ಮುಚ್ಚಿ ಹೋಗಿಬಿಡಬಹುದು. ಹೋಗುವುದೂ ಉಂಟು. ಆದರೂ ಸುಳ್ಳು ಮಾತು ಕೊಡುವುದಿಲ್ಲ. ಯಾಕೆಂದರೆ ಮಕ್ಕಳಿಗೆ ಲೈಂಗಿಕ ಹಿಂಸೆ ಕೊಡುವವರು ಅವರನ್ನು ಕಟ್ಟಿಹಾಕಲು ಬಳಸುವ ಹಗ್ಗವೂ ಇದೇ: ‘ಇದು ನಮ್ಮಿಬ್ಬರ ಗುಟ್ಟು, ಯಾರಿಗೂ ಹೇಳಬಾರದು.’ ಸಹಾಯ ಮಾಡಲು ಕೂತವರ ಬಾಯಲ್ಲೂ ಅದೇ ಮಾತು ಬರಬಾರದು. ಇನ್ನೊಂದು ಕಾರಣವೂ ಇದೆ. ಮಾತು ಕೊಟ್ಟು ಆಮೇಲೆ ಮುರಿದರೆ, ದೊಡ್ಡವರನ್ನು ನಂಬಬಾರದು ಎಂದು ಆ ಮಗು ಇನ್ನೊಂದು ಸಲ ಕಲಿಯುತ್ತದೆ.

ವಿಶ್ವಸಂಸ್ಥೆ 1989ರಲ್ಲಿ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯಲ್ಲಿ ಎರಡು ವಿಧಿಗಳಿವೆ. ತನಗೆ ಸಂಬಂಧಿಸಿದ ವಿಷಯದಲ್ಲಿ ಮಗುವಿನ ಮಾತು ಕೇಳಬೇಕು ಅನ್ನುತ್ತದೆ 12ನೆಯದು. ಹಿಂಸೆಯಿಂದ ಮಗುವನ್ನು ಕಾಪಾಡಬೇಕು ಅನ್ನುತ್ತದೆ 19ನೆಯದು. ಬಹಳ ಸಲ ಎರಡೂ ಒಟ್ಟಿಗೆ ಹೋಗುತ್ತವೆ. ‘ದಯವಿಟ್ಟು ಯಾರಿಗೂ ಹೇಳ್ಬೇಡಿ, ಅವರು ನನ್ನ ಮಾವ’ ಎಂದು ಮಗು ಹೇಳಿದಾಗ ಎರಡೂ ಎದುರುಬದುರು ನಿಲ್ಲುತ್ತವೆ. ಆಗ ಕಾಪಾಡುವುದೇ ಮೊದಲು. ಕೆಲವು ದೇಶಗಳಲ್ಲಿ ಇದು ಸಂಸ್ಥೆಯ ಇಷ್ಟಕ್ಕೆ ಬಿಟ್ಟ ವಿಷಯವೂ ಅಲ್ಲ. ಭಾರತದ 2012ರ ಪೋಕ್ಸೊ ಕಾಯ್ದೆಯ ಪ್ರಕಾರ, 18 ತುಂಬದವರ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ಸಹಾಯವಾಣಿಯವರಿಗೂ ವಿನಾಯಿತಿ ಇಲ್ಲ.

ಹಾಗಂತ ಮಗುವಿನ ಮಾತಿಗೆ ಬೆಲೆ ಇಲ್ಲ ಎಂದಲ್ಲ. ಹೇಳಬೇಕೋ ಬೇಡವೋ ಎನ್ನುವುದು ಅದರ ಕೈಯಲ್ಲಿ ಇರಲಿಕ್ಕಿಲ್ಲ. ಮೊದಲು ಯಾರಿಗೆ ಗೊತ್ತಾಗಬೇಕು, ಅಮ್ಮನಿಗೆ ನೀನೇ ಹೇಳ್ತೀಯಾ ಇಲ್ಲ ನಾವು ಹೇಳೋದಾ, ಇವತ್ತು ರಾತ್ರಿ ಯಾರ ಹತ್ತಿರ ಇದ್ದರೆ ನಿನಗೆ ಧೈರ್ಯ ಎಂದೆಲ್ಲ ಅದನ್ನೇ ಕೇಳುತ್ತಾರೆ. ಅಪ್ಪ ಅಮ್ಮನಿಗೆ ಹೇಳಿಬಿಡುತ್ತಾರಾ ಎಂಬ ಪ್ರಶ್ನೆಗೂ ಉತ್ತರ ಇಲ್ಲಿದೆ. ಶಾಲೆ, ಸ್ನೇಹಿತರು, ಬೇಜಾರು ಇಂಥ ವಿಷಯ ಆದರೆ ಇಲ್ಲ. ಜೀವಕ್ಕೆ ಅಪಾಯ ಆದರೆ ಮಗುವನ್ನು ನೋಡಿಕೊಳ್ಳುವ ದೊಡ್ಡವರೊಬ್ಬರಿಗೆ ಗೊತ್ತಾಗಲೇಬೇಕು. ಹಿಂಸೆ ಮಾಡುತ್ತಿರುವವರೇ ಅಪ್ಪ ಅಥವಾ ಅಮ್ಮ ಆಗಿದ್ದರೆ ಅವರಿಗೆ ಹೇಳುವ ಪ್ರಶ್ನೆಯೇ ಬರುವುದಿಲ್ಲ, ವಿಷಯ ಮಕ್ಕಳ ರಕ್ಷಣೆಯ ಅಧಿಕಾರಿಗಳಿಗೆ ಹೋಗುತ್ತದೆ.

ಮಗು ಬಾಯಿಬಿಟ್ಟ ಮೇಲೆ ಕೇಳುಗರು ಏನು ಮಾಡುವುದಿಲ್ಲ ಎನ್ನುವುದು ಮನೆಯವರಿಗೂ ಉಪಯೋಗಕ್ಕೆ ಬರುತ್ತದೆ. ಪೊಲೀಸರ ಹಾಗೆ ವಿಚಾರಣೆ ಮಾಡುವುದಿಲ್ಲ. ‘ಅವನು ಇಲ್ಲಿ ಮುಟ್ಟಿದ್ನಾ’ ಎಂದು ಉತ್ತರವನ್ನು ಬಾಯಿಗೆ ಇಡುವುದಿಲ್ಲ, ‘ಆಮೇಲೆ ಏನಾಯ್ತು’ ಎಂದಷ್ಟೇ ಕೇಳುತ್ತಾರೆ. ‘ಇಷ್ಟು ದಿನ ಯಾಕೆ ಹೇಳಲಿಲ್ಲ’ ಎಂಬ ಮಾತು ಬರುವುದೇ ಇಲ್ಲ. ಮಗು ಬಳಸಿದ ಪದಗಳನ್ನು ತಿದ್ದದೆ ಹಾಗೇ ಬರೆದಿಟ್ಟುಕೊಳ್ಳುತ್ತಾರೆ. ಮುಂದೆ ಕೋರ್ಟಿಗೆ ಹೋದರೆ ಆ ಪದಗಳಿಗೆ ತೂಕ ಇರುತ್ತದೆ.

ಫೋಟೋ ಇಟ್ಟುಕೊಂಡು ಬೆದರಿಸಿದರೆ

ಮಕ್ಕಳ ಸುರಕ್ಷತೆ ಮತ್ತು ಆತ್ಮಹತ್ಯೆ ತಡೆ ಬೇರೆ ಬೇರೆ ಕೆಲಸ ಅಂತ ಕಾಣುತ್ತದೆ. ಅವೆರಡೂ ಒಂದೇ ಆಗಿಬಿಡುವ ಜಾಗ ಇದು. ಗೇಮಿನಲ್ಲೋ ಇನ್‌ಸ್ಟಾಗ್ರಾಮಿನಲ್ಲೋ ಯಾರೋ ಹುಡುಗಿಯ ಹೆಸರಿನಲ್ಲಿ ಹುಡುಗನೊಬ್ಬನ ಸ್ನೇಹ ಮಾಡುತ್ತಾರೆ. ಖಾಸಗಿ ಫೋಟೋ ಕಳಿಸುವಂತೆ ಮಾಡುತ್ತಾರೆ. ಕಳಿಸಿದ ಮರುಗಳಿಗೆಯೇ ದನಿ ಬದಲಾಗುತ್ತದೆ: ದುಡ್ಡು ಕಳಿಸು, ಇಲ್ಲದಿದ್ದರೆ ನಿನ್ನ ಕಾಂಟ್ಯಾಕ್ಟ್‌ನಲ್ಲಿ ಇರುವವರಿಗೆಲ್ಲ ಹೋಗುತ್ತದೆ. ಕೆಲವೇ ಗಂಟೆಗಳಲ್ಲಿ ಎಲ್ಲ ನಡೆದುಹೋಗುತ್ತದೆ. ಮಗುವಿನ ಟಾರ್ಚ್ ಆ ಒಂದೇ ಬಾಗಿಲ ಮೇಲೆ ಬೀಳಲು ಅಷ್ಟು ಸಾಕು.

ಸಹಾಯವಾಣಿ ಮೊದಲು ಹೇಳುವ ಮಾತು, ತಪ್ಪು ನಿನ್ನದಲ್ಲ ಎಂದು. ಆಮೇಲೆ ಕೆಲಸದ ಮಾತು. ದುಡ್ಡು ಕೊಡಬೇಡ, ಕೊಟ್ಟರೆ ಇನ್ನಷ್ಟು ಕೇಳುತ್ತಾರೆ. ಅವನಿಗೆ ಉತ್ತರ ಕೊಡಬೇಡ. ಚಾಟನ್ನು ಅಳಿಸಬೇಡ, ಅದೇ ಸಾಕ್ಷಿ.

ಫೋಟೋ ಹರಡದಂತೆ ತಡೆಯಲು ಒಂದು ಉಪಾಯ ಈಗ ಇದೆ. ಅಮೆರಿಕದ ಎನ್‌ಸಿಎಂಇಸಿ ಎಂಬ ಲಾಭರಹಿತ ಸಂಸ್ಥೆ ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆ ನಡೆಸುತ್ತದೆ. ಬ್ರಿಟನ್ನಿನಲ್ಲಿ ಚೈಲ್ಡ್‌ಲೈನ್ ಮತ್ತು ಇಂಟರ್‌ನೆಟ್ ವಾಚ್ ಫೌಂಡೇಶನ್ ಸೇರಿ ನಡೆಸುವ ‘ರಿಪೋರ್ಟ್ ರಿಮೂವ್’ ಇದೆ. ಟೇಕ್ ಇಟ್ ಡೌನ್‌ನಲ್ಲಿ ಫೋಟೋ ಮಗುವಿನ ಫೋನ್ ಬಿಟ್ಟು ಹೊರಗೆ ಹೋಗುವುದಿಲ್ಲ. ಫೋನಿನಲ್ಲೇ ಆ ಫೋಟೋದಿಂದ ಒಂದು ಉದ್ದನೆಯ ಸಂಕೇತ ತಯಾರಾಗುತ್ತದೆ. ಇದಕ್ಕೆ ಹ್ಯಾಶ್ ಅನ್ನುತ್ತಾರೆ. ಹೆಬ್ಬೆಟ್ಟಿನ ಗುರುತಿನ ಹಾಗೆ ಇದು. ಹೆಬ್ಬೆಟ್ಟು ನೋಡಿ ಇವರೇ ಎಂದು ಹೊಂದಿಸಬಹುದು, ಆದರೆ ಅದನ್ನು ನೋಡಿ ಮುಖ ಬಿಡಿಸಲು ಆಗದು. ಆ ಗುರುತು ಮಾತ್ರ ಸಾಮಾಜಿಕ ಜಾಲತಾಣಗಳಂಥವನ್ನು ನಡೆಸುವ ಕಂಪನಿಗಳಿಗೆ ಹೋಗುತ್ತದೆ. ಅದೇ ಗುರುತಿನ ಚಿತ್ರವನ್ನು ಯಾರಾದರೂ ಹಾಕಿದರೆ ಸಿಕ್ಕಿಬೀಳುತ್ತದೆ. ಕೈಜೋಡಿಸಿದ ಕಂಪನಿಗಳ ಜಾಗದಲ್ಲಿ ಮಾತ್ರ ಇದು ನಡೆಯುತ್ತದೆ. ಗೂಢಲಿಪಿಯಲ್ಲಿ ಹೋಗುವ ಖಾಸಗಿ ಮೆಸೇಜುಗಳಲ್ಲಿ ನಡೆಯುವುದಿಲ್ಲ.

ಕಾಯುವವರನ್ನು ಕಾಯುವುದು ಯಾರು?

ನೊಂದ ಮಕ್ಕಳು ಸಿಗುವ ಜಾಗಕ್ಕೆ ಕೆಟ್ಟ ಉದ್ದೇಶದವರೂ ಬರಬಹುದು. ಒಳ್ಳೆಯ ಸಂಸ್ಥೆಗಳು ಇದನ್ನು ಮುಚ್ಚಿಡದೆ ಒಪ್ಪಿಕೊಂಡು ಬೇಲಿ ಹಾಕಿಕೊಳ್ಳುತ್ತವೆ. ಸ್ವಯಂಸೇವಕರ ಹಿನ್ನೆಲೆ ಪರಿಶೀಲನೆ ಆಗಬೇಕು. ಸ್ವಂತ ನಂಬರನ್ನು ಮಗುವಿಗೆ ಕೊಡುವಂತಿಲ್ಲ. ಹೊರಗೆ ಭೇಟಿಯಾಗುವಂತಿಲ್ಲ. ಮಾತುಕತೆಯನ್ನು ಮೇಲ್ವಿಚಾರಕರು ನೋಡಬಹುದಾಗಿರಬೇಕು. ಸ್ವಯಂಸೇವಕರ ಮೇಲೆಯೇ ದೂರು ಬಂದರೆ ಅದನ್ನು ಯಾರು ನೋಡುತ್ತಾರೆ ಎಂದು ಮೊದಲೇ ಗೊತ್ತಿರಬೇಕು. ಯಾವುದಾದರೂ ಸಂಸ್ಥೆಯನ್ನು ನಂಬಬಹುದಾ ಎಂದು ನೋಡಲು ನೀವೂ ಇದನ್ನೇ ಕೇಳಬಹುದು. ‘ನಮ್ಮಲ್ಲಿ ಅಂಥವರು ಯಾರೂ ಇಲ್ಲ’ ಎಂಬ ಉತ್ತರ ಬಂದರೆ ಹುಷಾರಾಗಿರಿ.

‘ಶರಣಾದರು’ ಎಂಬ ಮಾತು

ಇದೊಂದು ಅಡ್ಡಮಾತು. ನಮ್ಮ ಪತ್ರಿಕೆಗಳಲ್ಲಿ ‘ಆತ್ಮಹತ್ಯೆಗೆ ಶರಣು’ ಎಂದು ಶೀರ್ಷಿಕೆ ಬರುತ್ತದೆ. ಶರಣು ಎಂಬುದು ಕನ್ನಡದಲ್ಲಿ ಎಂಥ ಪದ! ದೇವರಿಗೆ ಶರಣು, ಗುರುವಿಗೆ ಶರಣು. ಆ ಪದ ಇಲ್ಲಿ ಬಂದಾಗ ಸಾವು ಕೊನೆಗೆ ಆಸರೆ ಕೊಟ್ಟ ಜಾಗದ ಹಾಗೆ ಕೇಳಿಸುತ್ತದೆ. ‘ಯತ್ನ ವಿಫಲ’ ಎಂದು ಬರೆದರೆ ಬದುಕಿದ್ದೇ ಸೋಲು ಎಂಬಂತೆ. ‘ಆತ್ಮಹತ್ಯೆಯಿಂದ ತೀರಿಕೊಂಡರು’, ‘ಬದುಕಿ ಉಳಿದರು’ ಎಂದರೆ ಸಾಕಲ್ವಾ? ಇದು ಬರೀ ಭಾಷೆಯ ಮಡಿ ಅಲ್ಲ. ಸುದ್ದಿಯನ್ನು ವೈಭವೀಕರಿಸಿದಾಗ ಅಂಥ ಸಾವುಗಳು ಹೆಚ್ಚಾಗುವುದನ್ನು ಸಂಶೋಧಕರು ಹಲವು ದೇಶಗಳಲ್ಲಿ ಕಂಡಿದ್ದಾರೆ. ಬಿಕ್ಕಟ್ಟನ್ನು ದಾಟಿ ಬಂದವರ ಕಥೆ ಬರೆದಾಗ ಅವು ಕಡಿಮೆಯಾಗಬಹುದು ಎಂಬುದನ್ನು ವಿಯೆನ್ನಾದ ಸಂಶೋಧಕರು 2010ರಲ್ಲಿ ತೋರಿಸಿದರು. ಸಹಾಯ ಸಂಸ್ಥೆಗಳು ವರದಿಗಾರರ ಜೊತೆಯೂ ಕೆಲಸ ಮಾಡುವುದು ಇದಕ್ಕೇ.

ಕರೆ ಮಾಡುವುದು ಹೇಗೆ?

ಭಾರತದಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಸಂಖ್ಯೆ 14416. 2022ರ ಅಕ್ಟೋಬರ್ 10ರಂದು ಶುರುವಾಯಿತು. ಉಚಿತ, ದಿನದ 24 ಗಂಟೆ, ಕನ್ನಡದಲ್ಲೂ ಮಾತಾಡುತ್ತಾರೆ. ಮಕ್ಕಳಿಗೆ 1098. ಜೀವಕ್ಕೆ ಈಗಲೇ ಅಪಾಯ ಇದ್ದರೆ 112. ಬೇರೆ ದೇಶದಲ್ಲಿ ಇದ್ದರೆ ಅಲ್ಲಿನ ತುರ್ತು ಸಂಖ್ಯೆ.

ಕರೆ ಮಾಡಲು ದೊಡ್ಡ ಕಾರಣ ಬೇಕಿಲ್ಲ. ‘ಏನು ಹೇಳ್ಬೇಕೋ ಗೊತ್ತಾಗ್ತಿಲ್ಲ’ ಎಂದು ಶುರು ಮಾಡಿದರೂ ಆಗುತ್ತದೆ. ನಿಮ್ಮ ಮಗುವಿನ ಬಗ್ಗೆ, ಗೆಳತಿಯ ಬಗ್ಗೆ ಆತಂಕ ಇದ್ದರೂ ಮಾಡಬಹುದು. ಪೊಲೀಸರ ಭಯವೂ ಬೇಡ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಅವರನ್ನು ಶಿಕ್ಷಿಸುವಂತಿಲ್ಲ.

ಫೋನ್ ಇಟ್ಟ ಮೇಲೆ

ಕೇಳುಗರ ಸರದಿ ಮುಗಿದ ಮೇಲೂ ಒಂದು ಕೆಲಸ ಇರುತ್ತದೆ. ಅವತ್ತಿನ ಹಿರಿಯ ಸ್ವಯಂಸೇವಕರ ಹತ್ತಿರ ಕೂತು, ಬಂದ ಕರೆಗಳ ಬಗ್ಗೆ ಒಂದೊಂದಾಗಿ ಹೇಳಬೇಕು. ಯಾವುದು ಮನಸ್ಸಿಗೆ ಹತ್ತಿಕೊಂಡಿತು, ಎಲ್ಲಿ ಮಾತು ತಡವರಿಸಿತು ಎಲ್ಲ. ಮನೆಗೆ ಹೋಗಿ ಹೆಂಡತಿಗೋ ಗಂಡನಿಗೋ ಹೇಳುವಂತಿಲ್ಲವಲ್ಲ, ಅದಕ್ಕೇ ಇಲ್ಲೇ ಇಳಿಸಿ ಹೋಗಬೇಕು. ಇಳಿಸದೆ ಹೋಗಲು ಬಿಡುವುದಿಲ್ಲ.

ಆದರೂ ಒಂದು ವಿಷಯ ಮಾತ್ರ ಇಳಿಯುವುದಿಲ್ಲ ಎಂದು ಈ ಕೆಲಸ ಮಾಡುವವರು ಹೇಳುತ್ತಾರೆ. ಕರೆ ಮಾಡಿದವರು ಆಮೇಲೆ ಏನಾದರು ಎಂದು ಬಹುತೇಕ ಗೊತ್ತಾಗುವುದೇ ಇಲ್ಲ. ಆ ಹುಡುಗಿ ಅಮ್ಮನಿಗೆ ಹೇಳಿದಳಾ, ಆ ಮನುಷ್ಯ ಬೆಳಿಗ್ಗೆ ಎದ್ದನಾ? ಅವರು ಮತ್ತೆ ಕರೆ ಮಾಡಿದರೂ ಅವತ್ತು ಎತ್ತುವುದು ಬೇರೆ ಯಾರೋ. ಮುಂದಿನ ಸರದಿಯವರು ಬಂದು ಹೆಡ್‌ಫೋನ್ ಒರೆಸಿ ಹಾಕಿಕೊಳ್ಳುತ್ತಾರೆ. ಫೋನ್ ಮತ್ತೆ ಬಡಿದುಕೊಳ್ಳುತ್ತದೆ. ಎತ್ತಿದರೆ ಮಾತಿಲ್ಲ, ಬರೀ ಉಸಿರು. ‘ನಾನು ಇಲ್ಲೇ ಇದ್ದೀನಿ’ ಎಂದು ಹೇಳಿ ಅವರು ಕಾಯುತ್ತಾರೆ.